ತಂದೆಯ ಕಾಲಂನಲ್ಲಿ ಮಾವನ ಹೆಸರು

1979ರಲ್ಲಿ ನಾನು ಮಾಜಿ ಸೈನಿಕರ ಕಲ್ಯಾಣ ಕಚೇರಿಯೊಂದರಲ್ಲಿ ವೆಲ್ಫೇರ್ ಆರ್ಗನೈಸರ್ ಆಗಿದ್ದೆ. ಉಡುಪಿ ಮತ್ತು ಕಾರ್ಕಳ ತಾಲೂಕುಗಳು ನನ್ನ ಪಾಲಿಗೆ ಬಂದಿದ್ದವು. ಹುದ್ದೆಯ ಹೆಸರು ಕೇಳಲು ದೊಡ್ಡದು. ಕೆಲಸ ಮಾತ್ರ ಪಿಂಚಣಿ ನಿಂತವರ, ವಿಧವೆಯರ, ದಾಖಲೆ ಕಳಕೊಂಡವರ ಅರ್ಜಿಗಳನ್ನು ಬರೆದು ಸೈನ್ಯದ ರೆಕಾರ್ಡ್ ಆಫೀಸುಗಳಿಗೆ ಕಳಿಸುವುದು, ಉತ್ತರ ಬಾರದಿದ್ದರೆ ಮತ್ತೆ ಬರೆಯುವುದು. ನಾನೂ ಸೈನ್ಯದಲ್ಲಿ ಹವಾಲ್ದಾರ್ ಕ್ಲರ್ಕ್ ಆಗಿದ್ದವನು. ಹಾಗಾಗಿ ರೆಕಾರ್ಡ್ ಆಫೀಸಿನ ಭಾಷೆಯೂ ಅದರ ಮೊಂಡುತನವೂ ನನಗೆ ಚೆನ್ನಾಗಿ ಗೊತ್ತಿದ್ದವು.

ಆ ವರ್ಷದ ಮಳೆಗಾಲ ಮುಗಿಯುತ್ತಿದ್ದ ಹಾಗೆ ಕಾಪುವಿನಿಂದ ಸೇಸಕ್ಕ ಎಂಬ ಹೆಂಗಸು ಬಂದರು. ಐವತ್ತು ದಾಟಿದ ವಯಸ್ಸು. ಕುರ್ಚಿ ತೋರಿಸಿದರೂ ಕುಳಿತುಕೊಳ್ಳಲಿಲ್ಲ.

"ನನ್ನ ಅಣ್ಣ ಸುಳ್ಳುಗಾರ ಅಲ್ಲ ಭಟ್ರೇ. ಅದನ್ನು ನೀವು ಸರ್ಕಾರದ ಕೈಯಲ್ಲಿ ಬರೆಸಿ ಕೊಡಬೇಕು," ಎಂದರು.

ಅಣ್ಣನ ಹೆಸರು ತ್ಯಾಂಪ ಶೆಟ್ಟಿ. ಎರಡನೇ ಮಹಾಯುದ್ಧದಲ್ಲಿ ಬರ್ಮಾದಲ್ಲಿ ಲಾರಿ ಓಡಿಸಿದವರು. ಶೆಲ್ ಬೀಳುತ್ತಿದ್ದಾಗ ಗಾಯಾಳುಗಳನ್ನು ಲಾರಿಯಲ್ಲಿ ಹಾಕಿಕೊಂಡು ಹೊಳೆ ದಾಟಿಸಿದರೆಂದು ಅವರಿಗೆ ಶೌರ್ಯ ಪದಕ ಘೋಷಣೆಯಾಗಿತ್ತು. ಕಾಲಿಗೆ ಚೂರು ಹೊಕ್ಕು ಮಿಲಿಟರಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅಧಿಕಾರಿಯೊಬ್ಬರು ಬಂದು ಎದೆಗೆ ಪದಕದ ರಿಬ್ಬನ್ ಚುಚ್ಚಿ, ಪದಕ ಹಿಂದಿನಿಂದ ಬರುತ್ತದೆ ಎಂದು ಹೇಳಿ ಹೋದರಂತೆ. ಪದಕ ಬರಲೇ ಇಲ್ಲ. ಶೆಟ್ಟರು ಪ್ರತಿ ವರ್ಷ ಸೈನಿಕರ ಧ್ವಜ ದಿನದಂದು ಆ ರಿಬ್ಬನ್ ಧರಿಸಿ ಉಡುಪಿಯ ಮೈದಾನಕ್ಕೆ ಬರುತ್ತಿದ್ದರು. ಎರಡು ವರ್ಷಗಳ ಹಿಂದೆ ಒಬ್ಬ ನಿವೃತ್ತ ಅಧಿಕಾರಿ ಅವರ ಡಿಸ್ಚಾರ್ಜ್ ಬುಕ್ ತರಿಸಿ ನೋಡಿದರು. ಸೈನಿಕ ಬಿಡುಗಡೆಯಾಗುವಾಗ ಅವನ ಸೇವೆಯ ವಿವರ ಬರೆದು ಕೊಡುವ ಪುಸ್ತಕ ಅದು. ಅದರಲ್ಲಿ ಪದಕಗಳ ಜಾಗದಲ್ಲಿ 'ನಿಲ್' ಎಂದಿತ್ತು. ಅಧಿಕಾರಿ ಎಲ್ಲರ ಎದುರಿಗೇ ರಿಬ್ಬನ್ ತೆಗೆಸಿದರು. ಅಂದಿನಿಂದ ಶೆಟ್ಟರು ಕಾಪು ಪೇಟೆಗೂ ಹಗಲು ಹೊತ್ತಿನಲ್ಲಿ ಇಳಿಯುತ್ತಿರಲಿಲ್ಲ.

ನಾನು ರೆಕಾರ್ಡ್ ಆಫೀಸಿಗೆ ಬರೆದೆ. ಬಂದ ಉತ್ತರ ಓದಿ ನನಗೆ ನಗು ಬಂತು, ಹಿಂದೆಯೇ ಸಿಟ್ಟೂ ಬಂತು. ಅವರ ಪ್ರಕಾರ ತ್ಯಾಂಪ ಶೆಟ್ಟಿ ಎಂಬ ಹೆಸರಿನವರು ಇಬ್ಬರಿದ್ದರು. ಒಬ್ಬ ಲಾರಿ ಡ್ರೈವರ್, ತಂದೆ ದೂಮಣ್ಣ ಶೆಟ್ಟಿ, ಪದಕಕ್ಕೆ ಅರ್ಹ. ಇನ್ನೊಬ್ಬ ಡಿಪೋದಲ್ಲಿ ಸ್ಟೋರ್‌ಕೀಪರ್, ತಂದೆ ಸಂಕಪ್ಪ ಶೆಟ್ಟಿ, ಪದಕವಿಲ್ಲ. ಕಾಪುವಿನಲ್ಲಿರುವುದು ಈ ಎರಡನೆಯವನು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಊರಿನ ಓದುಗರಿಗಾಗಿ ಹೇಳುತ್ತೇನೆ. ಬಂಟರ ಅಳಿಯಸಂತಾನ ಪದ್ಧತಿಯಲ್ಲಿ ಮಕ್ಕಳು ತಾಯಿಯ ಮನೆಗೆ ಸೇರಿದವರು. ತಂದೆಗೆ ತನ್ನ ತಾಯಿಯ ಮನೆಯೇ ಮನೆ. ಮಕ್ಕಳನ್ನು ಸಾಕಿ, ಶಾಲೆಗೆ ಹಾಕಿ, ಮದುವೆ ಮಾಡಿಸುವ ಯಜಮಾನ ಸೋದರಮಾವ. ತ್ಯಾಂಪ ಶೆಟ್ಟರ ತಂದೆ ಸಂಕಪ್ಪ ಶೆಟ್ಟರು ಕಾರ್ಕಳದವರು. ಕಾಪುವಿನ ಮನೆಯ ಯಜಮಾನರು ಮಾವ ದೂಮಣ್ಣ ಶೆಟ್ಟರು. ಸೈನ್ಯಕ್ಕೆ ಸೇರಿಸಿಕೊಳ್ಳುವಾಗ ಹವಾಲ್ದಾರ ಕೇಳಿದ್ದು ಮನೆಯ ಹಿರಿಯ ಯಾರು ಎಂದು. ಹುಡುಗ ಮಾವನ ಹೆಸರು ಹೇಳಿದ. ಹವಾಲ್ದಾರ ಅದನ್ನು ತಂದೆಯ ಕಾಲಂಗೆ ಹಾಕಿದ. ಕಾಲಿನ ಗಾಯದಿಂದಾಗಿ ಲಾರಿ ಬಿಟ್ಟು ಡಿಪೋಗೆ ವರ್ಗವಾದಾಗ ಹೊಸ ನಂಬರು, ಹೊಸ ಕಾಗದಗಳು ಆದವು. ಅಲ್ಲಿನ ಕ್ಲರ್ಕ್ ಹಿಂದಿಯಲ್ಲಿ 'ಬಾಪ್ ಕಾ ನಾಮ್' ಎಂದು ಕೇಳಿದ್ದರಿಂದ ತಂದೆಯ ಹೆಸರು ಹೇಳಿದರು. ಎರಡು ಸಲವೂ ಕೇಳಿದ್ದಕ್ಕೆ ಸರಿಯಾದ ಉತ್ತರವನ್ನೇ ಕೊಟ್ಟಿದ್ದರು.

ರೆಕಾರ್ಡ್ ಆಫೀಸು ಕಂದಾಯ ಇಲಾಖೆಯ ಮೂಲಕ ಊರುಗಳಲ್ಲಿ ವಿಚಾರಣೆ ಮಾಡಿಸಿತ್ತು. ದೂಮಣ್ಣ ಶೆಟ್ಟರಿಗೆ ತ್ಯಾಂಪ ಎಂಬ ಮಗನಿಲ್ಲ ಎಂದು ಕಾಪುವಿನಿಂದ ವರದಿ ಹೋಗಿತ್ತು. ಸಂಕಪ್ಪ ಶೆಟ್ಟರ ಮನೆಯಲ್ಲಿ ಆ ಹೆಸರಿನವರಿಲ್ಲ ಎಂದು ಕಾರ್ಕಳದಿಂದ ಹೋಗಿತ್ತು. ಎರಡೂ ಅಪ್ಪಟ ಸತ್ಯ. ಆ ಸತ್ಯಗಳ ನಡುವೆ ಮನುಷ್ಯನೇ ಕಾಣೆಯಾಗಿದ್ದ.

ಇಬ್ಬರೂ ಒಬ್ಬರೇ ಎನ್ನಲು ಸಾಕ್ಷಿ ಬೇಕಿತ್ತು. ಕಾರ್ಕಳದ ಬಸ್‌ಸ್ಟ್ಯಾಂಡಿನ ಹತ್ತಿರ ಬೇಕರಿ ಇಟ್ಟುಕೊಂಡಿದ್ದ ಲಾರೆನ್ಸ್ ಎಂಬ ಮಾಜಿ ಸೈನಿಕರು ಅದೇ ಯೂನಿಟ್ಟಿನವರೆಂದು ಸೇಸಕ್ಕ ಹೇಳಿದ್ದರು. ನಾನು ಹೋದಾಗ ಅವರು ಬ್ರೆಡ್ ಕಟ್ಟುತ್ತಿದ್ದರು. ವಿಷಯ ಹೇಳಿದ ಕೂಡಲೇ ಕೈ ನಿಲ್ಲಿಸಿದರು.

"ಆ ಲಾರಿಯ ಹಿಂದೆ ಮಲಗಿದ್ದವರಲ್ಲಿ ನಾನೂ ಒಬ್ಬ ಮಾರಾಯ್ರೆ. ಟಯರ್ ಹೋದ ಮೇಲೂ ಅವ ನಿಲ್ಲಿಸ್ಲಿಲ್ಲ. ನಿಲ್ಲಿಸಿದ್ರೆ ಈ ಬೇಕರಿ ಎಲ್ಲಿಂದ? ಎಲ್ಲಿ ಬೇಕಾದ್ರೂ ಸೈನ್ ಹಾಕ್ತೇನೆ. ಅವನ ರಿಬ್ಬನ್ ತೆಗೆಸಿದ್ದು ಯಾರು? ಅವರ ಹೆಸರು ಹೇಳಿ ಮೊದ್ಲು!"

ಹೆಸರು ನಾನು ಹೇಳಲಿಲ್ಲ. ಹೇಳಿದ್ದರೆ ಅವರು ಅಂದೇ ಬೇಕರಿಗೆ ಬೀಗ ಹಾಕಿ ಉಡುಪಿ ಬಸ್ಸು ಹತ್ತುತ್ತಿದ್ದರು.

ಲಾರೆನ್ಸರ ಹೇಳಿಕೆ ಕಳಿಸಿದ ಮೇಲೆ ರೆಕಾರ್ಡ್ ಆಫೀಸು ಸ್ವಲ್ಪ ಬಗ್ಗಿತು. ಅರ್ಜಿದಾರರು ಒಂದು ಅಫಿಡವಿಟ್ ಕೊಟ್ಟರೆ ದಾಖಲೆ ತಿದ್ದುತ್ತೇವೆ ಎಂದು ಬರೆದು, ಅದರ ಒಕ್ಕಣೆಯನ್ನೂ ಕಳಿಸಿತು. 'ಸೈನ್ಯಕ್ಕೆ ಸೇರುವಾಗ ದೂಮಣ್ಣ ಶೆಟ್ಟಿ ಎಂಬ ಹೆಸರನ್ನು ನಾನು ತಪ್ಪಾಗಿ ಹೇಳಿದ್ದೆ. ಅದನ್ನು ದಾಖಲೆಯಿಂದ ತೆಗೆದುಹಾಕಬೇಕು.' ಇಷ್ಟಕ್ಕೆ ಒಂದು ಸಹಿ ಸಾಕಿತ್ತು. ನಾನು ಖುಷಿಯಲ್ಲಿದ್ದೆ.

ಆ ಹೊತ್ತಿಗೆ 1981 ಬಂದಿತ್ತು. ಶೆಟ್ಟರು ಶ್ವಾಸಕೋಶದ ಕಾಯಿಲೆಯಿಂದ ಮಣಿಪಾಲದ ಆಸ್ಪತ್ರೆಯಲ್ಲಿದ್ದರು. ಹೆಚ್ಚು ಕಾಲವಿಲ್ಲವೆಂದು ಡಾಕ್ಟರು ಸೇಸಕ್ಕನಿಗೆ ಹೇಳಿದ್ದರು. ಕಾಗದ ಹಿಡಿದು ವಾರ್ಡಿಗೆ ಹೋದೆ. ಶೆಟ್ಟರು ದಿಂಬಿಗೆ ಒರಗಿ ಕುಳಿತಿದ್ದರು. ಎತ್ತರದ ಆಳು, ಮಂಚಕ್ಕಿಂತ ಕಾಲು ಉದ್ದ. ಒಕ್ಕಣೆಯನ್ನು ಕನ್ನಡದಲ್ಲಿ ಹೇಳಿಸಿಕೊಂಡು ಕಾಗದ ಹಿಂದೆ ಕೊಟ್ಟರು.

"ಇದಕ್ಕೆ ನಾನು ಸೈನ್ ಹಾಕುವುದಿಲ್ಲ ಭಟ್ರೇ."

ನನಗೆ ರೇಗಿತು. ಎರಡು ವರ್ಷ ಪತ್ರ ಬರೆದು ಬರೆದು ಕೈ ಸೋತಿತ್ತು. "ಎಂತ ಶೆಟ್ರೇ ಇದು? ಬರೀ ಕಾಗದದ ಮಾತು. ಒಂದು ಸೈನ್ ಹಾಕಿದರೆ ಪದಕ ಬರ್ತದೆ, ನಿಮ್ಮ ಮರ್ಯಾದೆ ಬರ್ತದೆ," ಎಂದೆ.

"ಅವತ್ತು ಮೈದಾನದಲ್ಲಿ ನಾನು ಒಬ್ಬನೇ ಸುಳ್ಳುಗಾರ ಆದೆ. ಇದಕ್ಕೆ ಸೈನ್ ಹಾಕಿದ್ರೆ ಮಾವನನ್ನೂ ಸುಳ್ಳು ಮಾಡಿದ ಹಾಗೆ." ಕೆಮ್ಮು ನಿಲ್ಲಲು ಸ್ವಲ್ಪ ಹೊತ್ತು ಬೇಕಾಯಿತು. "ಅವರು ತೀರಿಕೊಂಡಾಗ ನಾನು ಬರ್ಮಾದಲ್ಲಿದ್ದೆ. ಅಳಿಯ ಅಂತ ಕೊಳ್ಳಿ ಇಡಬೇಕಾದವ ನಾನು. ಇಡ್ಲಿಕ್ಕೆ ಆಗ್ಲಿಲ್ಲ. ಈಗ ಅವರ ಹೆಸರು ತಪ್ಪು, ತೆಗೀರಿ ಅಂತ ನಾನೇ ಬರೆದು ಕೊಡ್ಬೇಕಾ?"

ಸೇಸಕ್ಕ ಕಿಟಕಿಯ ಹತ್ತಿರ ಮುಖ ತಿರುಗಿಸಿ ನಿಂತಿದ್ದರು. ಸಹಿ ಹಾಕು ಅಣ್ಣ ಎಂದು ಅವರು ಹೇಳುತ್ತಾರೆಂದು ನಾನು ಕಾದೆ. ಪದಕಕ್ಕಾಗಿ ನನ್ನ ಕಚೇರಿಯ ಮೆಟ್ಟಿಲು ಸವೆಸಿದವರು ಅವರೇ ಅಲ್ಲವೇ? ಆದರೆ ಅವರು ಇತ್ತ ತಿರುಗಿ, "ಬೇಡ ಭಟ್ರೇ. ಅದು ಆಗುವ ಕೆಲಸ ಅಲ್ಲ," ಎಂದರು.

ಮಣಿಪಾಲದಿಂದ ಕಡಿಯಾಳಿಯ ನನ್ನ ಮನೆಯವರೆಗೆ ಅಂದು ನಡೆದೇ ಬಂದೆ. ಸಿಟ್ಟು ದಾರಿಯಲ್ಲೆಲ್ಲೋ ಇಳಿಯಿತು. ಶೆಟ್ಟರಿಗೆ ಬೇಕಾಗಿದ್ದದ್ದು ಪದಕ ಹೌದು. ಆದರೆ ಅದನ್ನು ಪಡೆಯಲು ಸುಳ್ಳು ಹೇಳು ಎಂದರೆ, ಸುಳ್ಳುಗಾರನೆಂಬ ಮಾತನ್ನು ಒರೆಸಲು ಹೊರಟ ಮನುಷ್ಯ ಏನು ಮಾಡಬೇಕು? ಒಕ್ಕಣೆಯೇ ಬದಲಾಗಬೇಕಿತ್ತು.

ಬಂಟರ ಕುಟುಂಬಗಳ ಪಾಲಿನ ವ್ಯಾಜ್ಯಗಳನ್ನೇ ಜೀವನವಿಡೀ ನಡೆಸಿದ ಹಿರಿಯ ವಕೀಲರೊಬ್ಬರು ಕಾರ್ಕಳದಲ್ಲಿದ್ದರು. ಅಳಿಯಸಂತಾನ ಪದ್ಧತಿಯಲ್ಲಿ ಸೋದರಮಾವನ ಸ್ಥಾನವೇನು ಎಂದು ಅವರಿಂದ ಇಂಗ್ಲಿಷಿನಲ್ಲಿ ಅಭಿಪ್ರಾಯ ಬರೆಸಿದೆ. ತಹಶೀಲ್ದಾರರಿಂದ ಕುಟುಂಬದ ಪ್ರಮಾಣಪತ್ರ ಮಾಡಿಸಿದೆ. ಹೊಸ ಅಫಿಡವಿಟ್‌ನಲ್ಲಿ ತಪ್ಪು ಎಂಬ ಮಾತೇ ಬರದಂತೆ ನೋಡಿಕೊಂಡೆ. ದೂಮಣ್ಣ ಶೆಟ್ಟರು ಅರ್ಜಿದಾರರ ಸೋದರಮಾವ, ಮನೆಯ ಯಜಮಾನ, ಪೋಷಕ. ಸಂಕಪ್ಪ ಶೆಟ್ಟರು ಜನಕ ತಂದೆ. ಎರಡೂ ಹೆಸರುಗಳು ಸತ್ಯ, ಎರಡೂ ಒಬ್ಬನೇ ಸೈನಿಕನವು. ಇದಕ್ಕೆ ಶೆಟ್ಟರು ಕೂಡಲೇ ಸಹಿ ಹಾಕಿದರು.

ರೆಕಾರ್ಡ್ ಆಫೀಸು ಅದನ್ನು ವಾಪಸು ಕಳಿಸಿತು. ನಿಗದಿತ ನಮೂನೆಯಲ್ಲಿಲ್ಲ ಎಂಬ ಆಕ್ಷೇಪ. ನಾನೂ ಬಿಡಲಿಲ್ಲ. ನಿಮ್ಮ ನಮೂನೆಯಲ್ಲಿ ಸೋದರಮಾವನಿಗೆ ಜಾಗವಿಲ್ಲದಿರಬಹುದು, ಈ ಜಿಲ್ಲೆಯಿಂದ ನಿಮ್ಮಲ್ಲಿಗೆ ಬಂದ ಎಷ್ಟೋ ಸೈನಿಕರನ್ನು ಸಾಕಿದವರು ಸೋದರಮಾವಂದಿರೇ ಎಂದು ಬರೆದು, ಅದೇ ಕಾಗದಗಳನ್ನು ಅಲ್ಲಿನ ಮುಖ್ಯಾಧಿಕಾರಿಯ ಹೆಸರಿಗೆ ರಿಜಿಸ್ಟರ್ಡ್ ಟಪಾಲಿನಲ್ಲಿ ಕಳಿಸಿದೆ. ಒಬ್ಬ ವೆಲ್ಫೇರ್ ಆರ್ಗನೈಸರ್ ಹಾಗೆ ಬರೆಯುವುದು ಅಧಿಕಪ್ರಸಂಗವೇ. ನನ್ನ ಮೇಲಧಿಕಾರಿ ಕರೆದು ಬೈದರು. ಆದರೆ ಕಾಗದ ಹಿಂದಕ್ಕೆ ತಗೋ ಎನ್ನಲಿಲ್ಲ.

ಶೆಟ್ಟರು ಡಾಕ್ಟರ ಮಾತನ್ನು ಮೀರಿ ಬದುಕಿ ಕಾಪುವಿಗೆ ಮರಳಿದ್ದರು. 1982ರಲ್ಲಿ ಪಾರ್ಟ್ ಟು ಆರ್ಡರ್ ಬಂತು. ಸೈನಿಕನ ಸೇವಾ ದಾಖಲೆಯಲ್ಲಿ ಬದಲಾವಣೆ ಮಾಡುವ ಅಧಿಕೃತ ಆದೇಶಕ್ಕೆ ಆ ಹೆಸರು. ಅದರ ಹಿಂದೆಯೇ ಸಣ್ಣ ರಟ್ಟಿನ ಪೆಟ್ಟಿಗೆಯೊಂದು ಬಂತು. ಒಳಗೆ ಶೌರ್ಯ ಪದಕ, ಜೊತೆಗೆ ಬರ್ಮಾ ಯುದ್ಧದಲ್ಲಿದ್ದವರಿಗೆಲ್ಲ ಕೊಡುವ ಪದಕ. ಅಂಚಿನಲ್ಲಿ ಅವರ ಹೆಸರು, ಹಳೆಯ ನಂಬರು.

ಟಪಾಲಿಗೆ ಕೊಡದೆ ನಾನೇ ಕಾಪುವಿಗೆ ಒಯ್ದೆ. ಶೆಟ್ಟರು ಚಾವಡಿಯಲ್ಲಿ ಬೆಂಚಿನ ಮೇಲೆ ಕುಳಿತಿದ್ದರು. ಪಕ್ಕದಲ್ಲೇ ಮಾವನ ಆರಾಮ ಕುರ್ಚಿ ಇತ್ತು. ಅದರಲ್ಲಿ ಯಾರೂ ಕುಳಿತುಕೊಳ್ಳುತ್ತಿರಲಿಲ್ಲ. ಪೆಟ್ಟಿಗೆ ತೆರೆದು ಮುಂದೆ ಹಿಡಿದರೆ ಅವರು ಅದನ್ನು ಬೆರಳಿನಿಂದ ಆಚೆ ಸರಿಸಿದರು.

"ಅದು ಇರ್ಲಿ. ಕಾಗದ ಓದಿ. ಮಾವನ ಹೆಸರು ಹೊಡೆದು ಹಾಕ್ಲಿಲ್ಲ ಅಲ್ವಾ?"

"ಇಲ್ಲ ಶೆಟ್ರೇ. ಎರಡೂ ಉಂಟು."

ಓದಿದೆ. ಸೇಸಕ್ಕ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತರು.

"ಇನ್ನೊಮ್ಮೆ ಓದಿ. ಮಾವನ ಹೆಸರು ಬರುವಲ್ಲಿ ಸ್ವಲ್ಪ ದೊಡ್ಡಕ್ಕೆ."

ಮತ್ತೆ ಓದಿದೆ, ದೊಡ್ಡದಾಗಿಯೇ. ಆ ಎತ್ತರದ ಮನುಷ್ಯ ಬೆಂಚಿನ ಅಂಚು ಹಿಡಿದುಕೊಂಡು ಎದ್ದು, ಖಾಲಿ ಕುರ್ಚಿಯ ಎದುರು ಅಟೆನ್ಷನ್ನಿನಲ್ಲಿ ನಿಂತರು. ಅಂಗಿಗೆ ಪದಕಗಳನ್ನು ಸೇಸಕ್ಕನೇ ಚುಚ್ಚಿದರು. ನನ್ನ ಕಣ್ಣು ತುಂಬಿತು. ಅದನ್ನು ಮುಚ್ಚಿಡಲು ನಾನು ಪ್ರಯತ್ನಿಸಲಿಲ್ಲ.

ಆ ವರ್ಷ ಧ್ವಜ ದಿನಕ್ಕೆ ಅವರು ಉಡುಪಿಗೆ ಬಂದರು. ಕಾರ್ಕಳದಿಂದ ಬಂದ ಲಾರೆನ್ಸರು ಕೈ ಹಿಡಿದು ನಡೆಸಿದರು. ಹಿಂದೆ ರಿಬ್ಬನ್ ತೆಗೆಸಿದ ಅಧಿಕಾರಿ ಆಗ ಊರಲ್ಲಿರಲಿಲ್ಲ. ಇರಬೇಕಿತ್ತು ಎಂದು ನನಗೆ ಈಗಲೂ ಅನಿಸುತ್ತದೆ. ಮುಂದಿನ ಮಳೆಗಾಲದಲ್ಲಿ ಶೆಟ್ಟರು ತೀರಿಕೊಂಡರು. ಸೇಸಕ್ಕನ ಮಗ, ಅವರ ಅಳಿಯ, ಪಕ್ಕದಲ್ಲೇ ಇದ್ದ. ಕೊಳ್ಳಿ ಇಟ್ಟವನೂ ಅವನೇ.

ನಂತರ ನಾನು ಎಷ್ಟೋ ಅರ್ಜಿಗಳನ್ನು ಬರೆದೆ. ನಿವೃತ್ತನಾಗುವವರೆಗೂ ತಂದೆಯ ಹೆಸರಿನ ಕಾಲಂ ಬಂದಾಗ ಪೆನ್ನು ಕೆಳಗಿಟ್ಟು, "ನಿಮ್ಮನ್ನು ಸಾಕಿದ್ದು ಯಾರು?" ಎಂದು ಕೇಳುತ್ತಿದ್ದೆ. ಹೆಚ್ಚಿನವರು ತಂದೆಯ ಹೆಸರನ್ನೇ ಹೇಳುತ್ತಿದ್ದರು. ಕೆಲವರು ಬೇರೊಂದು ಹೆಸರು ಹೇಳುತ್ತಿದ್ದರು. ಕಾಲಂನಲ್ಲಿ ಜಾಗವಿರಲಿ ಇಲ್ಲದಿರಲಿ, ಆ ಹೆಸರನ್ನೂ ನಾನು ಬರೆಯುತ್ತಿದ್ದೆ.