ಡಬ್ಬಿಯೊಳಗಿನ ಗೋಡೆ

ಕೀಲಿ ಹಾಕಿದ ಬಾಗಿಲನ್ನು ಅರ್ಧ ದಾರಿಯಿಂದ ಮರಳಿ ಬಂದು ಜಗ್ಗಿ ನೋಡುವ ಪಂಗಡಕ್ಕೆ ಸೇರಿದವನು ನಾನು. ನನ್ನ ಹೆಂಡತಿ ಇದನ್ನು ರೋಗವೆನ್ನುತ್ತಾಳೆ. ನಾನು ಶಾಸ್ತ್ರವೆಂದು ತಿಳಿದಿದ್ದೇನೆ. ಲೋಕದಲ್ಲಿ ಎಲ್ಲರೂ ಎಲ್ಲರನ್ನೂ ನಂಬಿಬಿಟ್ಟರೆ ಬೀಗ ಮಾಡುವವರ ಗತಿಯೇನು? ಆದರೆ ಜಗ್ಗಿ ನೋಡುವುದಕ್ಕೆ ಒಂದು ಬಾಗಿಲಾದರೂ ಇರಬೇಕಷ್ಟೆ. ಬಾಗಿಲೂ ಇಲ್ಲದ, ಇಟ್ಟಂಗಿಯೂ ಇಲ್ಲದ ಗೋಡೆಯೊಂದಕ್ಕೆ ನನ್ನನ್ನು ಕಾವಲಿಟ್ಟಿದ್ದರು. ಆ ಸಂಕಟವನ್ನು ಯಾರಿಗಾದರೂ ಹೇಳಿಕೊಳ್ಳಬೇಕಲ್ಲ.

ಆಗ ನಾನು ರಾಯಬಾಗದ ಕಡೆಯ ಒಂದು ಸಕ್ಕರೆ ಕಾರಖಾನೆಯಲ್ಲಿ ಹೆಡ್ ಕ್ಲರ್ಕ್. ಆ ವರ್ಷ ಕಬ್ಬು ನುರಿಸುವ ಹಂಗಾಮು ಶುರುವಾಗುವ ಮೊದಲೇ ಕಬ್ಬಿನ ರೈತರಲ್ಲಿ ಒಂದು ಗುಮಾನಿ ಹುಟ್ಟಿತು. ಕಾಟಾದ ಮೇಲೆ ಗಾಡಿ ನಿಲ್ಲಿಸಿ ತೂಗಿದ ತೂಕವನ್ನು, ಆಫೀಸಿನ ಕಂಪ್ಯೂಟರಿನ ಮುಂದೆ ಕುಳಿತವನು ವಾಯರಿನೊಳಗಿಂದಲೇ ಒಂದಿಷ್ಟು ಇಳಿಸಬಹುದಲ್ಲ? ಹಾಗೆ ಇಳಿಸಿದ್ದನ್ನು ಯಾರೂ ಕಂಡಿರಲಿಲ್ಲ. ಗುಮಾನಿಗೆ ಅದೇ ಬಲ. ಕಂಡಿದ್ದರೆ ಅದು ಬರೀ ತಕರಾರು ಆಗುತ್ತಿತ್ತು. ಸಭೆ ಸೇರಿ ಠರಾವು ಆಯಿತು: ಕಾಟಾದ ಕಂಪ್ಯೂಟರಿಗೂ ಆಫೀಸಿನ ಕಂಪ್ಯೂಟರುಗಳಿಗೂ ಮಾತುಕತೆ ಇರಕೂಡದು, ತೂಕದ ಚೀಟಿ ಕಾಗದದ ಮೇಲೆಯೇ ಆಫೀಸಿಗೆ ಬರಬೇಕು.

ಕೊಲ್ಹಾಪುರದಿಂದ ಒಬ್ಬ ತಂತ್ರಜ್ಞ ಬಂದ. ವಾಯರುಗಳೆಲ್ಲ ಬಂದು ಸೇರುವ, ಇಪ್ಪತ್ನಾಲ್ಕು ತೂತುಗಳ ಕಬ್ಬಿಣದ ಡಬ್ಬಿಯೊಂದನ್ನು ನನ್ನ ಟೇಬಲ್ಲಿನ ಹಿಂದೆ ಕೂಡಿಸಿದ. ಅದರ ಹೆಸರು ಸ್ವಿಚ್. ಅದಕ್ಕೆ ಬುದ್ಧಿ ಹೇಳಿದರೆ ಕೇಳುತ್ತದಂತೆ. ಮೊದಲ ಎಂಟು ತೂತು ಕಾಟಾಕ್ಕೆ, ಉಳಿದವು ಆಫೀಸಿಗೆ ಎಂದು ಕಂಪ್ಯೂಟರಿನಿಂದ ಹುಕುಂ ಕೊಟ್ಟರೆ ಒಂದೇ ಡಬ್ಬಿ ಎರಡು ಡಬ್ಬಿಯಂತೆ ನಡೆದುಕೊಳ್ಳುತ್ತದೆ. ನಡುವೆ ಗೋಡೆ ಎದ್ದಂತೆ ಈ ಕಡೆಯವರು ಆ ಕಡೆಯವರಿಗೆ ಕಾಣುವುದಿಲ್ಲ. ಇಂಥ ಒಂದೊಂದು ಪಾಲಿಗೆ ವಿ-ಲ್ಯಾನ್ ಎನ್ನುತ್ತಾರೆ. ಎರಡು ದಿನ ಕಲಿಸಿ, ಪಾಸ್‌ವರ್ಡ್ ನನ್ನ ಕೈಗಿಟ್ಟು ಅವನು ಹೊರಟುಹೋದ. ನನ್ನ ಕೈಗೇ ಏಕೆಂದರೆ, ಇಡೀ ಆಫೀಸಿನಲ್ಲಿ ಟೈಪರೈಟರಿಗೆ ರಿಬ್ಬನ್ ಹಾಕಲು ಬರುತ್ತಿದ್ದವನು ನಾನೊಬ್ಬನೇ.

ಹಂಗಾಮಿನ ಮೊದಲ ದಿನ ಅಕ್ಕೋಳದ ಬಾಬು ತಾತ್ಯಾ ಕಾಟಾದ ಬಾಯಿಗೆ ಟ್ರ್ಯಾಕ್ಟರ್ ನಿಲ್ಲಿಸಿ ಆಫೀಸಿಗೆ ನಡೆದು ಬಂದರು. ಠರಾವಿಗೆ ಮೊದಲು ಕೈ ಎತ್ತಿದವರು ಅವರೇ. ಗೋಡೆ ಎಲ್ಲಿದೆಯೆಂದು ತೋರಿಸದೆ ಕಬ್ಬು ತೂಗಿಸುವುದಿಲ್ಲವೆಂದರು. ನಡುಹಗಲು. ಹಿಂದೆ ಗೇಟಿನಾಚೆಯವರೆಗೆ ಗಾಡಿಗಳ ಸಾಲು. ಕಡಿದ ಕಬ್ಬು ಬಿಸಿಲಿನಲ್ಲಿ ನಿಂತಷ್ಟೂ ತೂಕ ಕಳೆದುಕೊಳ್ಳುತ್ತದೆ. ಕೇಳುವ ಒಂದೊಂದು ಪ್ರಶ್ನೆಗೂ ತಮ್ಮದೇ ಬೆಳೆ ಒಣಗುತ್ತಿದೆಯೆಂದು ತಾತ್ಯಾರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಕುರ್ಚಿ ಎಳೆದುಕೊಂಡು ಕುಳಿತರು.

“ಸಾಹೇಬ್ರ, ಕಾಟಾದ ವಾಯರ್ ಈ ಡಬ್ಬ್ಯಾಗ ಬಂದೈತಿ. ಆಫೀಸಿಂದೂ ಇದ ಡಬ್ಬ್ಯಾಗ ಬಂದೈತಿ. ನಡುವ ಗ್ವಾಡಿ ಎಲ್ಲೈತ್ರಿ?”

“ಒಳಗ ಐತ್ರಿ ತಾತ್ಯಾ. ಕಣ್ಣಿಗಿ ಕಾಣೂದಿಲ್ಲ.”

“ಕಣ್ಣಿಗಿ ಕಾಣದಾಂವ ದೇವ್ರೊಬ್ಬ ಸಾಕ್ರಿ. ಅಂವನ ಮ್ಯಾಲೂ ನಮ್ಮ ಮನ್ಯಾಗ ಪೂರಾ ಭರವಸಾ ಇಲ್ಲ.”

ನಾನು ದೃಷ್ಟಾಂತಗಳಿಗೆ ಕೈಹಾಕಿದೆ. ಒಂದೇ ಸೂರಿನ ಕೆಳಗೆ ಅಣ್ಣತಮ್ಮಂದಿರು ಒಲೆ ಬೇರೆ ಮಾಡಿಕೊಂಡಂತೆ, ಎಂದೆ. “ಒಲಿ ಬ್ಯಾರೆ ಆದ್ರೇನ್ರಿ, ಹಿತ್ತಲದಾಗ ಹೆಣ್ಮಕ್ಕಳ ಬಟ್ಟಲಾ ಅದಲಬದಲ ಆಗತಾವ” ಎಂದರು. ಕಾಗವಾಡ ದಾಟಿದೊಡನೆ ರಸ್ತೆಯಲ್ಲಿ ಗೆರೆಯಿಲ್ಲದಿದ್ದರೂ ಮೊಬೈಲು ತಾನೇ ಮಹಾರಾಷ್ಟ್ರಕ್ಕೆ ಬಂದೆಯೆಂದು ಸಾರುತ್ತದಲ್ಲ, ಹಾಗೆ, ಎಂದೆ. “ಅದು ಮೊಬೈಲಿಗಿ ಗೊತ್ತಾಗತೈತಿ. ನಮ್ಮ ಬೀಗರ ಎಮ್ಮಿಗಿ ಇನ್ನೂ ಗೊತ್ತಾಗಿಲ್ಲ, ದಿನಾ ದಾಟತೈತಿ.”

ಕೊನೆಗೆ ಪ್ರಯೋಗಕ್ಕಿಳಿದೆ. ನನ್ನ ಕಂಪ್ಯೂಟರಿನಿಂದ ಕಾಟಾದ ಕಂಪ್ಯೂಟರನ್ನು ನಾಲ್ಕು ಸಲ ಕೂಗಿಸಿದೆ. ನಾಲ್ಕು ಸಲವೂ ಉತ್ತರ ಬರಲಿಲ್ಲವೆಂದು ಪರದೆ ಬರೆದು ತೋರಿಸಿತು. ತಾತ್ಯಾ ಅದನ್ನು ಸಹಾನುಭೂತಿಯಿಂದ ನೋಡಿದರು. “ಓ ಅನ್ನಲಿಲ್ಲಂದ್ರ ಮನ್ಯಾಗ ಇಲ್ಲಂತೇನ್ರಿ? ಗಣಪತಿ ಚಂದಾ ಪಟ್ಟಿ ಎತ್ತಾಕ ಬಂದಾಗ ನಾನೂ ಒಳಗ ಸುಮ್ನ ಕುಂತಿರ್ತೀನಿ.”

ನೆಲದ ಮೇಲೆ ಮಡಕೆ ಇಲ್ಲವೆಂಬುದನ್ನು ನಾವು ಕಂಡು ಅರಿಯುತ್ತೇವೆಯೋ, ಕಾಣದೆ ಅರಿಯುತ್ತೇವೆಯೋ ಎಂದು ನಮ್ಮ ಹಳೆಯ ತಾರ್ಕಿಕರು ತಲೆತಲಾಂತರ ಜಗಳವಾಡಿದ್ದಾರಂತೆ. ಅವರ ನಡುವೆ ತಾತ್ಯಾ ಇದ್ದಿದ್ದರೆ ಮಡಕೆಯನ್ನು ಯಾರು ಒಯ್ದರೆಂಬ ಪ್ರಶ್ನೆ ಮೊದಲು ಏಳುತ್ತಿತ್ತು. ನನಗೂ ಒಳಗೊಳಗೆ ಅವರದೇ ಪಕ್ಷ ಸರಿಯೆನಿಸತೊಡಗಿತು. ಸಂಶಯದವನ ಎದುರು ಸಂಶಯದವನನ್ನು ವಕೀಲನಾಗಿ ನಿಲ್ಲಿಸಬಾರದು.

“ಈ ಡಬ್ಬಿಗಿ ಹುಕುಂ ಎಲ್ಲಿಂದ ಕೊಡ್ತೀರಿ?” ಎಂದು ಕೇಳಿದರು.

“ಇದ ಟೇಬಲ್ ಮ್ಯಾಲಿಂದ್ರಿ.”

“ಅಂದ್ರ ಗ್ವಾಡಿ ನಮ್ಮದು, ಅದರ ಕೀಲಿ ಆಫೀಸಿನ ಕಿಸೇದಾಗ.”

ಇದಕ್ಕೊಂದು ಉಪಾಯವಿತ್ತು. ಹುಕುಂ ಕೊಡುವ ಅಧಿಕಾರವನ್ನು ಆಫೀಸಿನ ಪಾಲಿನಿಂದ ತೆಗೆದು, ಮೂರನೆಯ ಬೇರೆ ವಿ-ಲ್ಯಾನಿನಲ್ಲಿ ಇಡಬಹುದೆಂದು ಕೊಲ್ಹಾಪುರದವನು ಹೇಳಿದ್ದ. ತಾತ್ಯಾ ನೋಡುತ್ತಿದ್ದಂತೆಯೇ ತೊಂಬತ್ತೊಂಬತ್ತು ಎಂಬ ಗಂಭೀರವಾದ ಸಂಖ್ಯೆ ಕೊಟ್ಟು ಆ ಪಾಲನ್ನು ಸೃಷ್ಟಿಸಿದೆ, ಅಧಿಕಾರವನ್ನು ಅಲ್ಲಿಗೆ ಸಾಗಿಸಿದೆ, ಗುಂಡಿ ಒತ್ತಿದೆ. ಪರದೆಯ ಮೇಲೆ ಚಕ್ರ ತಿರುಗತೊಡಗಿತು. ತಿರುಗಿಯೇ ತಿರುಗಿತು. ಆಗ ಹೊಳೆಯಿತು: ಆ ಹೊಸ ಪಾಲಿಗೆ ನಾನು ಒಂದು ತೂತನ್ನೂ ಕೊಟ್ಟಿರಲಿಲ್ಲ. ಕೋಣೆಯೊಳಗೆ ಕೀಲಿ ಇಟ್ಟು, ಕೋಣೆಗೆ ಬಾಗಿಲನ್ನೇ ಇಡದೆ ಕಟ್ಟಿ ಮುಗಿಸಿದ್ದೆ. ಪಾಸ್‌ವರ್ಡ್ ನನ್ನ ಬಾಯಲ್ಲಿತ್ತು. ಅದನ್ನು ಕೇಳುವವರೇ ಇರಲಿಲ್ಲ.

“ಏನಾತ್ರಿ?”

ಸುಳ್ಳು ಹೇಳಲು ಹೊತ್ತಿರಲಿಲ್ಲ. “ನನಗೂ ಒಳಗ ಹೋಗಾಕ ಬರವಲ್ದು ತಾತ್ಯಾ.”

“ಮತ್ತ ಯಾರಿಗಿ ಬರತೈತಿ?”

“ಕೊಲ್ಹಾಪುರದಾಂವ ಬೇರೆ ವಾಯರ್ ತಂದು ಹಿಂದಿನಿಂದ ಹಚ್ಚಬೇಕ್ರಿ. ಅಂವಾ ಹತ್ತು ಸಲ ಫೋನ್ ಹಚ್ಚಿದ್ರ ಒಂದ ಸಲ ಬರಾಂವ.”

ತಾತ್ಯಾ ನನ್ನ ಮುಖವನ್ನು ನೋಡಿದರು. ಹಣೆಯ ಬೆವರನ್ನೂ ನೋಡಿದರು. ಆಮೇಲೆ ಎದ್ದು ಕಿಡಕಿಯಿಂದ ತಮ್ಮ ಡ್ರೈವರನಿಗೆ ಕೂಗಿದರು: “ಲೇ ಸಿದ್ರಾಮಾ, ಕಾಟಾದ ಮ್ಯಾಲ ಹತ್ತಸಲೇ ಗಾಡಿ. ಹೆಡ್ ಕ್ಲರ್ಕ ಸಾಹೇಬ್ರ ತಾವ ಹೊರಗ ಬಿದ್ದಾರ.”

ಸಾಲು ಕದಲಿತು. ಕಾಟಾ ತನ್ನಷ್ಟಕ್ಕೆ ತೂಗುತ್ತಿತ್ತು, ಆಫೀಸು ತನ್ನಷ್ಟಕ್ಕೆ ನಡೆಯುತ್ತಿತ್ತು. ಗೋಡೆಗೆ ನನ್ನ ಅಗತ್ಯವೇನೂ ಇರಲಿಲ್ಲ. ಅಷ್ಟು ಹೊತ್ತು ನಾನು ಒಪ್ಪಿಸಿದ ಪಾಂಡಿತ್ಯವನ್ನು ತಾತ್ಯಾ ಒಂದಿಷ್ಟೂ ನಂಬದೆ, ನನ್ನ ದಡ್ಡತನವನ್ನು ಮಾತ್ರ ಕಣ್ಣುಮುಚ್ಚಿ ನಂಬಿದ್ದರು.

ಸಂಜೆ ಮ್ಯಾನೇಜರ್ ಸಾಹೇಬರು ಒಳಗೆ ಕರೆದು ಬಾಗಿಲು ಮುಂದೆ ಮಾಡಿದರು. “ಖರೇ ಹೇಳ್ರಿ, ನಿಮಗ ಖರೇನ ಒಳಗ ಹೋಗಾಕ ಬರೂದಿಲ್ಲೋ, ಇಲ್ಲಾ ತಾತ್ಯಾನ ಮುಂದ ನಾಟಕಾ ಹೂಡಿದ್ರೋ?” ಅವರ ಕಣ್ಣಿನಲ್ಲಿ ಗುಮಾನಿಯ ಜೊತೆಗೆ ಒಂದು ಮೆಚ್ಚುಗೆಯೂ ಇತ್ತು. ಅಷ್ಟು ವರ್ಷಗಳ ನೌಕರಿಯಲ್ಲಿ ನನ್ನ ಬುದ್ಧಿಯ ಬಗ್ಗೆ ಅವರು ತೋರಿದ ಮೊದಲ ಗೌರವ ಅದು. ಅದನ್ನು ಕೆಡಿಸಲು ಮನಸ್ಸು ಬರಲಿಲ್ಲ. ಚಷ್ಮಾ ತೆಗೆದು, ಒರೆಸುತ್ತ ಕುಳಿತೆ.