ಕಟ್ ಮಾಡೆಂದು ನಾನೇ ಹೇಳಿದ ಕರೆ

2012ರ ಮಳೆಗಾಲದಲ್ಲಿ ನಾನು ನಾಸಿಕ್‌ನಲ್ಲಿ ಒಂದು ಮೊಬೈಲ್ ಕಂಪನಿಯ 3ಜಿ ನೆಟ್‌ವರ್ಕ್ ಆಪ್ಟಿಮೈಸೇಶನ್ ವಿಭಾಗ ನೋಡಿಕೊಳ್ಳುತ್ತಿದ್ದೆ. ಹೆಸರು ದೊಡ್ಡದು, ಕೆಲಸ ಇಷ್ಟೇ: ಫೋನ್ ಹಿಡಿದವನು ಒಂದು ಟವರ್‌ನ ವ್ಯಾಪ್ತಿಯಿಂದ ಇನ್ನೊಂದಕ್ಕೆ ಹೋಗುವಾಗ ಮಾತು ತುಂಡಾಗಬಾರದು. ಈ ದಾಟುವಿಕೆಗೆ ಹ್ಯಾಂಡೋವರ್ ಎನ್ನುತ್ತೇವೆ. ಒಂದು ಟವರ್ ಆವರಿಸುವ ಪ್ರದೇಶದ ತುಣುಕೇ ಸೆಲ್. ಸೆಲ್‌ಗಳ ಗಡಿಯಲ್ಲಿರುವ 3ಜಿ ಫೋನನ್ನು ಎರಡು ಮೂರು ಸೆಲ್‌ಗಳು ಏಕಕಾಲಕ್ಕೆ ಹಿಡಿದುಕೊಳ್ಳಬಹುದು. ಒಂದು ಕೈಬಿಟ್ಟರೂ ಇನ್ನೊಂದು ಹಿಡಿದಿರುತ್ತದೆ.

ಆದರೆ ಒಂದೇ ಫೋನ್ ಎರಡು ಕಡೆ ಜಾಗ ಹಿಡಿದರೆ ನೆಟ್‌ವರ್ಕ್‌ಗೆ ಹೊರೆ. ಜೂನ್‌ನಲ್ಲಿ ನಾನು ತ್ರ್ಯಂಬಕೇಶ್ವರದ ಕಡೆಯ ಸೆಲ್‌ಗಳಲ್ಲಿ ಈ ಎರಡನೆಯ ಸಂಪರ್ಕದ ಮಿತಿಯನ್ನು ಬಿಗಿಗೊಳಿಸಿದೆ. ಸಿಗ್ನಲ್ ಬಲದ ಅಳತೆ ಡೆಸಿಬೆಲ್; ಪಕ್ಕದ ಸೆಲ್ ನಾಲ್ಕು ಡೆಸಿಬೆಲ್ ದುರ್ಬಲವಾಗಿದ್ದರೂ ಸೇರಿಸಿಕೊಳ್ಳುತ್ತಿದ್ದ ಫೋನ್, ಈಗ ಒಂದೂವರೆ ದಾಟಿದರೆ ಅತ್ತ ನೋಡುತ್ತಲೂ ಇರಲಿಲ್ಲ. ವರದಿಯ ಅಂಕಿಗಳೆಲ್ಲ ಹಸಿರಾದವು. ಔರಂಗಾಬಾದ್‌ನಲ್ಲಿದ್ದ (ಇಂದಿನ ಛತ್ರಪತಿ ಸಂಭಾಜಿನಗರ) ನಮ್ಮ ಮೇಲಿನ ಕಚೇರಿ ಮೆಚ್ಚಿಕೊಂಡಿತು. ನಾನೂ ಉಬ್ಬಿದೆ.

ಒಪ್ಪದವನು ಒಬ್ಬನೇ, ನಮ್ಮ ಗಾಡಿಯ ಚಾಲಕ ಶರಣಪ್ಪ. ಭಾಲ್ಕಿಯವನು, ನಾಸಿಕ್‌ಗೆ ಬಂದು ಹನ್ನೆರಡು ವರ್ಷವಾಗಿತ್ತು. ಸಿಗ್ನಲ್ ಅಳೆಯಲು ನಾವು ಊರೂರು ಸುತ್ತುವಾಗ ಸ್ಟಿಯರಿಂಗ್ ಹಿಡಿಯುತ್ತಿದ್ದವನು ಅವನೇ.

"ಸಾಹೇಬ್ರ, ಘಾಟಿನ ಆ ಮೋಡಿನ್ಯಾಗ ಈಗೀಗ ಫೋನ್ ಕಟ್ ಆಗ್ಲಿಕತ್ತದರಿ. ಮೊದ್ಲ ಹಂಗ ಇರ್ಲಿಲ್ಲ" ಎಂದಿದ್ದ, ಒಂದು ತಿರುವನ್ನು ತೋರಿಸಿ.

"ರಿಪೋರ್ಟ್‌ನ್ಯಾಗ ಹಂಗೇನೂ ಇಲ್ಲಪಾ" ಎಂದೆ. ನನ್ನದು ಎಂಥ ಜಂಬ ನೋಡಿ, ರಸ್ತೆಯಲ್ಲಿದ್ದವನಿಗಿಂತ ಕಾಗದವನ್ನು ನಂಬಿದೆ.

ಆಗಸ್ಟ್‌ನ ಒಂದು ಬೆಳಿಗ್ಗೆ ಅವನು ಇಬ್ಬರು ಟವರ್ ಕೆಲಸಗಾರರನ್ನು ತ್ರ್ಯಂಬಕದ ಆಚೆಯ ಗುಡ್ಡಕ್ಕೆ ಬಿಟ್ಟು ಒಬ್ಬನೇ ಹಿಂದಿರುಗುತ್ತಿದ್ದ. ಹನ್ನೊಂದೂವರೆಗೆ ನನಗೆ ಕರೆ ಬಂತು.

"ಸಾಹೇಬ್ರ, ಗಾಡಿ ನಾಲಾದಾಗ ಬಿದ್ದದರಿ. ಕಾಲು ಸಿಕ್ಕೊಂಡದ. ರಗತ ಭಾಳ ಹೋಗ್ಲಿಕತ್ತದ."

"ಎಲ್ಲಿದ್ದೀ?"

"ತಿಳೀವಲ್ದುರಿ. ರೋಡಿನ ಮ್ಯಾಲ ಗುಡ್ಡ ಕುಸಿದಿತ್ತು. ಊರವ ಒಬ್ಬ ಕಚ್ಚಾ ರಸ್ತಾ ತೋರಿಸಿದ. ಮಂಜಿನ್ಯಾಗ ಎಷ್ಟು ತಿರುಗಿದ್ನೋ ಏನೋ. ಎಚ್ಚರಾನೂ ತಪ್ಪಿತ್ತು. ಚಾರ್ಜ್ ಒಂದೇ ಕಡ್ಡಿ ಅದರಿ."

ಫೋನ್ ಇಡಬೇಡ ಎಂದು ಹೇಳಿ ಅವನ ಕರೆಯನ್ನು ಕಂಪ್ಯೂಟರಿನಲ್ಲಿ ಹುಡುಕಿದೆ. ನಮ್ಮಲ್ಲಿದ್ದ ಉಪಕರಣ ತೋರಿಸುತ್ತಿದ್ದದ್ದು ಕರೆ ಯಾವ ಸೆಲ್‌ನಲ್ಲಿದೆ ಎಂಬುದನ್ನಷ್ಟೇ. ಅಲ್ಲಿ ಒಂದೇ ಹೆಸರಿತ್ತು, ಗುಡ್ಡದ ಟವರ್‌ನ ಪೂರ್ವ ಸೆಲ್. ಏಳೆಂಟು ಕಿಲೋಮೀಟರ್ ಉದ್ದದ ಕಾಡು, ಕಣಿವೆ, ಮಂಜು. ಮೇಜಿನ ಇನ್ನೊಂದು ಫೋನಿನಿಂದ ಪೊಲೀಸರಿಗೆ ಹೇಳಿದ್ದಾಯಿತು, ಕೆಲಸಗಾರರಿಬ್ಬರೂ ಊರವರನ್ನು ಕಟ್ಟಿಕೊಂಡು ಹೊರಟಿದ್ದಾಯಿತು. ಆದರೆ ಯಾವ ಕಣಿವೆಗೆ ಇಳಿಯಬೇಕು?

ಇನ್ನೊಂದು ಸೆಲ್‌ನ ಹೆಸರು ಕಂಡಿದ್ದರೆ, ಎರಡೂ ಸೇರುವ ಗಡಿಯಷ್ಟಕ್ಕೆ ಜಾಗ ಕಿರಿದಾಗುತ್ತಿತ್ತು. ಅದು ಕಾಣದಂತೆ ಮಾಡಿದವನು ನಾನೇ. ಔರಂಗಾಬಾದ್‌ನ ಅಧಿಕಾರಿಗೆ ಫೋನ್ ಮಾಡಿ ಹಳೆಯ ಮಿತಿಗೆ ಅನುಮತಿ ಕೇಳಿದೆ. "ಹಗಲಿನಲ್ಲಿ ಬದಲಾವಣೆ ಇಲ್ಲ, ಲಿಖಿತವಾಗಿ ಕಳಿಸಿ" ಎಂದರು. ನಾನು ಆ ಫೋನ್ ಇಟ್ಟು ಮಿತಿಯನ್ನು ಆರು ಡೆಸಿಬೆಲ್‌ಗೆ ಸಡಿಲಿಸಿದೆ. ನೌಕರಿ ಹೋದರೆ ಹೋಗಲಿ ಅನಿಸಿತ್ತು.

ಪರದೆಯಲ್ಲಿ ಏನೂ ಬದಲಾಗಲಿಲ್ಲ. ಆಮೇಲೆ ಹೊಳೆಯಿತು: ಫೋನ್‌ಗೆ ಈ ಮಿತಿ ತಿಳಿಯುವುದು ಕರೆ ಶುರುವಾಗುವಾಗ. ನಡೆಯುತ್ತಿರುವ ಕರೆಗೆ ಹಳೆಯ ನಿಯಮವೇ. ಅಂದರೆ ಈ ಕರೆಯನ್ನು ಕಡಿದು ಮತ್ತೆ ಮಾಡಬೇಕು. ಒಂದೇ ಕಡ್ಡಿ ಚಾರ್ಜ್, ಸೋರುತ್ತಿರುವ ರಕ್ತ. ಮತ್ತೆ ಸಿಗದಿದ್ದರೆ?

"ಶರಣಪ್ಪ, ಫೋನ್ ಕಟ್ ಮಾಡು. ನಾನ ಹಚ್ತೀನಿ."

"ಹಚ್ತೀರಲ್ರಿ?"

"ಹಚ್ತೀನಿ."

ಕರೆ ಕಡಿಯಿತು. ನಾನು ಹಚ್ಚಿದೆ. ವ್ಯಾಪ್ತಿಯ ಹೊರಗಿದ್ದಾರೆ ಎಂಬ ಧ್ವನಿ. ಮತ್ತೆ ಹಚ್ಚಿದೆ, ಅದೇ ಧ್ವನಿ. ಅವನನ್ನು ನಾನೇ ಕೊಂದೆ ಎಂದು ಆಗ ನಿಜವಾಗಿಯೂ ನಂಬಿದ್ದೆ. ಮೂರನೆಯ ಸಲ ರಿಂಗ್ ಆಯಿತು. ಆಗುತ್ತಲೇ ಇತ್ತು. ಕೊನೆಗೆ "ಹಾಂ" ಎಂದ.

ಪರದೆಯಲ್ಲಿ ಎರಡನೆಯ ಸೆಲ್ ಸೇರಿತು. ಕೆಲವು ಸೆಕೆಂಡಿನ ನಂತರ ಮೂರನೆಯದು. ಹಳೆಯ ಅಳತೆಯ ನಕ್ಷೆ ಬಿಡಿಸಿದೆ. ಈ ಮೂರೂ ಒಟ್ಟಿಗೆ ಸಿಗುವ ಜಾಗ ಆ ಘಟ್ಟದಲ್ಲಿ ಒಂದೇ ಇತ್ತು. ಶರಣಪ್ಪ ನನಗೆ ತೋರಿಸಿದ್ದ ಅದೇ ತಿರುವು. ಅದರ ಕೆಳಗಿನ ಕಣಿವೆಗೆ ಇಳಿಯಿರಿ ಎಂದು ಇನ್ನೊಂದು ಫೋನಿನಲ್ಲಿ ಕೆಲಸಗಾರರಿಗೆ ಕೂಗಿ ಹೇಳಿದೆ. ಅಷ್ಟರಲ್ಲಿ ಅವನ ಫೋನ್ ಸತ್ತಿತ್ತು.

ಎರಡು ಗಂಟೆಯ ನಂತರ ಅವನು ಸಿಕ್ಕಿದ. ಜೀವ ಉಳಿಯಿತು, ಎಡಗಾಲನ್ನು ಪಾದದ ಮೇಲಿನವರೆಗೆ ಕತ್ತರಿಸಬೇಕಾಯಿತು. ಇನ್ನರ್ಧ ಗಂಟೆ ಮೊದಲು ತಂದಿದ್ದರೆ ಉಳಿಸಬಹುದಿತ್ತೇನೋ ಎಂದರು ಡಾಕ್ಟರು. ಅನುಮತಿಯಿಲ್ಲದೆ ಬದಲಿಸಿದ್ದಕ್ಕೆ ನನಗೆ ಮೆಮೊ ಬಂತು. ಅದಕ್ಕೂ ಮೊದಲು, ಜೂನ್‌ನಲ್ಲಿ, ಅನುಮತಿ ಪಡೆದೇ ಮಾಡಿದ್ದ ತಪ್ಪಿಗೆ ಯಾರೂ ಏನೂ ಅನ್ನಲಿಲ್ಲ.

ಈಗ ಒಂದು ಫೋನನ್ನು 4ಜಿ, 5ಜಿ ಎರಡಕ್ಕೂ ಒಟ್ಟಿಗೆ ಜೋಡಿಸುವ ಕಾಲ. ಎರಡನೆಯ ಸಂಪರ್ಕ ವ್ಯರ್ಥ ಎನ್ನುವ ಎಂಜಿನಿಯರ್‌ಗಳು ಈಗಲೂ ಸಿಗುತ್ತಾರೆ. ಸರಾಸರಿ ಅಂಕಿಯಲ್ಲಿ ಗಡಿಯಲ್ಲಿರುವವನು ಕಾಣುವುದಿಲ್ಲ, ಅವನ ದೂರನ್ನು ಕಿವಿಯಿಂದಲೇ ಕೇಳಬೇಕು ಎಂದು ಅವರಿಗೆ ಹೇಳುತ್ತೇನೆ. ಈ ಪಾಠ ನನಗೆ ಆಸ್ಪತ್ರೆಯಲ್ಲಿ ಸಿಕ್ಕಿತು. ಕರೆ ಕಡಿದಿದ್ದ ಆ ಎರಡು ನಿಮಿಷ ಏನು ಮಾಡಿದೆ ಎಂದು ಶರಣಪ್ಪನನ್ನು ಕೇಳಿದ್ದೆ.

"ಹೆಂಡ್ತಿಗೆ ಒಂದ್ ಮಾತು ಹೇಳ್ಬೇಕಂತ ನಂಬರ್ ತೆಗದಿದ್ನರಿ" ಎಂದ. "ಹಚ್ಚಲಿಲ್ಲ. ನಿಮ್ದು ಬರ್ತದಂದಿದ್ರಲ್ಲ, ಲೈನ್ ಖಾಲಿ ಇಟ್ಟೆ."