ಹಿರೇಮಗಳ ಕೈ

ಗಣಿಯ ಅಬ್ಬರ ಜೋರಾಗಿದ್ದ ವರ್ಷಗಳಲ್ಲಿ ಬಳ್ಳಾರಿಯಲ್ಲಿ ಬಿಳಿ ಬಟ್ಟೆ ಎಂಬುದು ಬೆಳಗಿನ ಮಾತು. ಸಂಜೆಗೆ ಎಲ್ಲವೂ ಕೆಂಪು. ಸತ್ಯನಾರಾಯಣಪೇಟೆಯ ನಮ್ಮ ಮನೆ ಲಾರಿ ಓಡಾಡುವ ರಸ್ತೆಯಿಂದ ದೂರವೇ ಇತ್ತು. ಆದರೂ ಕಟ್ಟೆಯ ಮೇಲೆ ಕೂತ ಅವ್ವನ ಸೀರೆಯಂಚು, ಪಾದ, ಬೆರಳ ಸಂದಿಗಳಲ್ಲೆಲ್ಲ ಅದಿರಿನ ಪುಡಿ ಸೇರಿರುತ್ತಿತ್ತು. ಲಾರಿಗಳಿಗೆ ಹೊದಿಸುವ ತಾಡಪತ್ರಿ ಮಾರುವುದು ನನ್ನ ವ್ಯಾಪಾರ. ಧೂಳು ಹಾರದಂತೆ ಮುಚ್ಚುವುದನ್ನು ಹಗಲೆಲ್ಲ ಮಾರಿ, ಹಾರಿ ಬಂದ ಧೂಳನ್ನು ಸಂಜೆ ಮನೆಯಲ್ಲಿ ಒರೆಸುತ್ತಿದ್ದೆ. ನನ್ನ ವ್ಯಾಪಾರ ಎಷ್ಟು ಚೆನ್ನಾಗಿತ್ತೆಂದು ಇದರಿಂದಲೇ ತಿಳಿಯಬಹುದು.

ಒಂದು ಸಂಜೆ ಹಸಿ ಬಟ್ಟೆ ಹಿಡಿದು ಅವ್ವನ ಎಡಗಾಲು ತೊಡೆಯ ಮೇಲಿಟ್ಟುಕೊಂಡಿದ್ದೆ. ಪಕ್ಕದ ಮನೆಯಾಕೆ ಮಾತಿಗೆ ಬಂದರು. ಅವ್ವ ಅವರಿಗೆ ಹೇಳಿದಳು: "ನಮ್ಮ ಹಿರೇಮಗಳು ದಿನಾ ಹಿಂಗ ಕಾಲ ವರಸ್ತಾಳ ನೋಡವ್ವ. ಅಂಥ ಮೆತ್ತನ ಕೈ ಯಾರಿಗೂ ಬರಂಗಿಲ್ಲ."

ಕಾಲು ನನ್ನ ಕೈಯಲ್ಲಿತ್ತು. ಹಿರೇಮಗಳು, ಅಂದರೆ ನನ್ನ ಅಕ್ಕ, ಸಿರುಗುಪ್ಪದ ಹತ್ತಿರ ಕರೂರಿನಲ್ಲಿ ತನ್ನ ಗಂಡನ ಮನೆಯಲ್ಲಿದ್ದಳು.

"ಅವ್ವ, ಅಕ್ಕ ಇರೋದು ಕರೂರಾಗ. ಅಲ್ಲಿ ಕೆಂಪು ಧೂಳು ಎಲ್ಲಿ ಐತಿ? ಅಲ್ಲಿ ಬರೀ ಭತ್ತದ ಗದ್ದಿ" ಎಂದೆ, ವಕೀಲನ ಹಾಗೆ. ಅವ್ವ ನನ್ನನ್ನು ಕನಿಕರದಿಂದ ನೋಡಿ ಬಲಗಾಲು ಚಾಚಿದಳು.

ಒಳಗಿನಿಂದ ಹೆಂಡತಿ ನಕ್ಕಳು. "ಐವತ್ತಾತು ನಿಮಗ. ಅಕ್ಕನ ಮ್ಯಾಲ ಹೊಟ್ಟೆಕಿಚ್ಚು ಪಡ್ತೀರಲ್ರಿ!"

ಐವತ್ತು ಆಗಿರಲಿಲ್ಲ, ಎರಡು ವರ್ಷ ಇತ್ತು. ಹೊಟ್ಟೆಕಿಚ್ಚು ಮಾತ್ರ ನಿಜ. ಅದರ ಮೂಲ ನನಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ನಾವು ಬಾದನಹಟ್ಟಿಯಲ್ಲಿದ್ದಾಗ ಅವ್ವ ಹೊಲದಿಂದ ಕೆಸರು ಮೆತ್ತಿಕೊಂಡು ಬರುತ್ತಿದ್ದಳು. ಲಂಗ ತೊಟ್ಟ ಅಕ್ಕ ಚೊಂಬು ನೀರು ಹಿಡಿದು ಬಾಗಿಲಲ್ಲೇ ಕಾಲು ತೊಳೆದು ಒರೆಸುತ್ತಿದ್ದಳು. ನಾನು ಆಗ ಏನು ಮಾಡುತ್ತಿದ್ದೆನೋ, ಉಪಯೋಗಕ್ಕೆ ಬರುವಂಥದ್ದೇನೂ ಅಲ್ಲ. ಆದರೆ ಆ ಹಳೆಯ ಒರೆಸುವಿಕೆ ನನ್ನ ಇಷ್ಟು ವರ್ಷದ ಒರೆಸುವಿಕೆಯನ್ನೆಲ್ಲ ನುಂಗಿ ಕೂತಿತ್ತು.

ಅವ್ವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಮಿದುಳಿನ ಕೋಶಗಳು ಸತ್ತಿರಬೇಕೆಂದು ನಾನೇ ಮೊದಲು ಹೇಳಿಬಿಟ್ಟೆ.

"ಎಲ್ಲಾ ಸತ್ತಾವಂತ ತಿಳ್ಕೋಬ್ಯಾಡ್ರಿ" ಎಂದರು ಡಾಕ್ಟರು. "ನೆನಪಿನ ಜಾಗದಾಗ ಕೆಲವು ನರಕೋಶಗಳು ವಯಸ್ಸಾದಂಗ ಸುಮ್ನಿರೋದನ್ನ ಬಿಟ್ಟುಬಿಡ್ತಾವ. ಬೇಕಾದ್ದಕ್ಕೂ ಬ್ಯಾಡಾದ್ದಕ್ಕೂ ಮಿಡೀತಾವ. ಇದು ಹೊಸದು, ಅದು ಹಳೇದು ಅಂತ ಬ್ಯಾರೆ ಮಾಡಬೇಕಂದ್ರ ಒಂದಿಷ್ಟು ಕೋಶ ತೆಪ್ಪಗಿರಬೇಕು. ಹೊಸಪೇಟೆ ರೋಡಿನಾಗ ಲಾರಿ ಓಡಾಡಿ ತಗ್ಗು ಬಿದ್ದಾವಲ್ಲ, ನಿಮ್ಮ ಸ್ಕೂಟರ್ ಎತ್ತಾಗ ತಿರುವಿದ್ರೂ ಅದ್ರಾಗ ಇಳೀತೈತಿಲ್ಲೋ? ಹಂಗ. ಹಳೇದರಂಗ ಕಂಡದ್ದೆಲ್ಲ ಹಳೇದರಾಗ ಇಳೀತೈತಿ. ವಯಸ್ಸಾದೋರಿಗೆಲ್ಲ ಇದು ಅಷ್ಟಿಷ್ಟು ಇರತೈತಿ. ನಿಮ್ಮ ತಾಯಿಗೆ ಜಾಸ್ತಿ ಆಗೈತಿ."

"ನನಗೂ ಶುರು ಆಗಿರಬಹುದಾ ಸರ್? ನಿನ್ನೆ ಅಂಗಡಿ ಬೀಗ ಹಾಕೀನೋ ಇಲ್ಲೋ ಅಂತ ಎರಡು ಸಲ ವಾಪಸ್ ಹೋಗಿದ್ದೆ."

"ಹಾಕಿತ್ತಾ?"

"ಹಾಕಿತ್ತು."

"ಹಂಗಂದ್ರ ನಿಮಗ ಇರೋದು ಬರೀ ಚಿಂತಿ. ಅದಕ್ಕ ನನ್ನ ಹತ್ರ ಔಷಧ ಇಲ್ಲ."

ಹೊರಡುವಾಗ ಅವರು ಒಂದು ಮಾತು ಸೇರಿಸಿದರು. ಹಳೆಯದರ ಹಾಗೆ ಇಲ್ಲವೇ ಇಲ್ಲ ಅನ್ನುವಂಥದ್ದು ಒಮ್ಮೊಮ್ಮೆ ಬೇರೆಯಾಗಿ ಉಳಿದೀತು, ಹೇಳಲಾಗುವುದಿಲ್ಲ. ನಾನು 'ಉಳಿದೀತು' ಎಂಬುದನ್ನು ಹಿಡಿದುಕೊಂಡು, ಉಳಿದದ್ದನ್ನು ಅಲ್ಲೇ ಬಿಟ್ಟು ಬಂದೆ.

ಅಕ್ಕ ಎಂದೂ ಮಾಡಿರದ ಕೆಲಸ ಯಾವುದು? ವಾರವೆಲ್ಲ ಯೋಚಿಸಿದೆ. ಕೊನೆಗೆ ತಾಡಪತ್ರಿಯ ಅಳತೆಗೆಂದು ಕುರುಗೋಡಿಗೆ ಹೊರಟಾಗ ಅವ್ವನನ್ನೂ ಬಸ್ಸಿನಲ್ಲಿ ಕೂರಿಸಿಕೊಂಡೆ. ಧೂಳಿಗೆಂದು ಅವಳ ಕಣ್ಣಿಗೆ ಒಂದು ಕಪ್ಪು ಕೂಲಿಂಗ್ ಗ್ಲಾಸ್ ಹಾಕಿದೆ. ಬಸ್ಸಿನವರೆಲ್ಲ ತಿರುಗಿ ನೋಡಿದರು. ಅವ್ವ ಯಾರನ್ನೂ ನೋಡದೆ, ಗಣಿ ಮಾಲೀಕಳ ಗತ್ತಿನಲ್ಲಿ ಕಿಟಕಿಯ ಹೊರಗೆ ಮುಖ ಮಾಡಿದಳು. ಕುರುಗೋಡಿನ ಬಸ್ ಸ್ಟ್ಯಾಂಡಿನ ಬಳಿ ತಳ್ಳುಗಾಡಿಯವನಿಂದ ಗೋಬಿ ಮಂಚೂರಿ ಕೊಡಿಸಿದೆ. ಅವಳು ಮೊದಲ ತುಂಡು ಬಾಯಿಗಿಟ್ಟು, "ಇದಕ್ಕೂ ಧೂಳು ಹತ್ತೇತೇನು, ಇಷ್ಟು ಕೆಂಪಗೈತಿ?" ಎಂದಳು. ಪ್ಲೇಟು ಮಾತ್ರ ಖಾಲಿಯಾಯಿತು.

ಮುಂದಿನ ವಾರ ಅಕ್ಕ ಕರೂರಿನಿಂದ ಸೋನಾ ಅಕ್ಕಿಯ ಚೀಲ ತಂದಳು. ತಲೆ ಪೂರ್ತಿ ನರೆತಿತ್ತು. ಅವ್ವ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಸ್ಸು, ಕನ್ನಡಕ, ಕೆಂಪು ಹೂಕೋಸು ಎಲ್ಲವನ್ನೂ ಒಂದೂ ಬಿಡದೆ ಹೇಳಿದಳು. ಬಾಗಿಲ ಹಿಂದೆ ನಿಂತ ನನಗೆ ಎದೆ ಉಬ್ಬಿತು.

"ಯಾರವ್ವ ಕರ್ಕೊಂಡು ಹೋಗಿದ್ದು?" ಅಕ್ಕ ಕೇಳಿದಳು.

"ಯಾರೋ ಒಬ್ಬ ಪುಣ್ಯಾತ್ಮ. ಕಣ್ಣಿಗೆ ಧೂಳು ಬೀಳ್ತೈತಂತ ಕನ್ನಡಕ ಹಾಕಿದ. ಅವರವ್ವ ಭಾಳ ಪುಣ್ಯ ಮಾಡ್ಯಾಳ, ತಾಯಿ."

ಇಷ್ಟು ದಿನ ಅಕ್ಕನೊಬ್ಬಳಿದ್ದಳು. ಈಗ ಈ ಪುಣ್ಯಾತ್ಮನೂ ಸೇರಿಕೊಂಡ. ಅವನ ಮೇಲೂ ಉರಿದುಕೊಂಡೆ.

ಅಕ್ಕ ಒಳಗೆ ಬಂದಳು. "ಲೇ ತಮ್ಮ, ಅವ್ವ ನಿನ್ನ ಮರೆತು ನನ್ನ ಹೊಗಳ್ತಾಳಂತ ಮಾರಿ ಬಿಗ್ಕೋತಿ. ನನಗ ಏನಂದ್ಲು ಕೇಳಿದೆಲ್ಲ? ತಾಯಿ ಅಂತ! ಬಂದೋರಿಗೆ ಅನ್ನೋ ಹಂಗ. ಆಕಿ ಹೊಗಳೋದು ಲಂಗದ ಹುಡುಗೀನ. ನಾ ಆಕಿಗೆ ಯಾರೂ ಅಲ್ಲ."

ಸಂಜೆ ಹಸಿ ಬಟ್ಟೆ ಅಕ್ಕನೇ ತೆಗೆದುಕೊಂಡಳು. ನಾನು ಕಂಬಕ್ಕೆ ಒರಗಿ ನಿಂತೆ. ಅವಳು ಒಂದು ಬೆರಳು ಒರೆಸುವಷ್ಟರಲ್ಲಿ ಅವ್ವ ಕಾಲು ಹಿಂದಕ್ಕೆಳೆದುಕೊಂಡಳು.

"ಬ್ಯಾಡ ತಾಯಿ, ನೀವ್ಯಾಕ? ನನ್ನ ಮಗಳು ಬರ್ತಾಳ. ಆಕಿ ಕೈಯೇ ಬ್ಯಾರೆ."

ಅಕ್ಕ ಬಟ್ಟೆಯನ್ನು ನನ್ನ ಕಡೆ ಚಾಚಿದಳು. ನಾನು ಕೂತು ಎಡಗಾಲು ತೊಡೆಯ ಮೇಲಿಟ್ಟುಕೊಂಡೆ. ಹಿಮ್ಮಡಿಯಿಂದ ಶುರುಮಾಡಿ ಬೆರಳ ಸಂದಿಗೆ ಬರುವುದು ನನ್ನ ರೂಢಿ. ಅವ್ವ ಕಣ್ಣು ಮುಚ್ಚಿದಳು.

"ಹಾಂ, ಬಂದ್ಲು ನೋಡು ನಮ್ಮ ಹಿರೇಮಗಳು."

ತಲೆಯೆತ್ತಿದೆ. ಅಕ್ಕ ನನ್ನ ಕೈಗಳನ್ನೇ ನೋಡುತ್ತಿದ್ದಳು. ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು, ಇಷ್ಟು ದಿನ ಅದು ನನ್ನದೇ ಆಗಿತ್ತು. ಇನ್ನೊಂದು ಕಾಲು ಬಾಕಿ ಇತ್ತು. ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು, ನನ್ನ ಹಾಗೆ ಹಿಮ್ಮಡಿಯಿಂದ ಒರೆಸಲು ಹೇಳಿಕೊಡಬಹುದಿತ್ತು. ಹೇಳಿಕೊಡಲಿಲ್ಲ. ಬಲಗಾಲನ್ನೂ ನಾನೇ ಒರೆಸಿದೆ, ನಿಧಾನವಾಗಿ.